ಬಡಿಸೋ ಡಬ್ಬಿ ಅಂಕಲ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಮದುವೆಯಲ್ಲಿ ವಧೂವರರ ನಡುವಿನ ತೆರೆ ಸರಿಯುವ ಮುಂಚೆಯೇ ಗಟ್ಟಿಮೇಳ ಹೊಡೆಸಿದ ಮಹಾನುಭಾವ ನಾನೇ. ಛತ್ರದ ತುಂಬ ಇದ್ದ ಜನ ತೆರೆಯ ಬಟ್ಟೆಗೇ ಅಕ್ಷತೆ ಎಸೆದದ್ದು, ಬೆಚ್ಚಿಬಿದ್ದ ಮದುಮಗ ಕೈಯಲ್ಲಿದ್ದ ಜೀರಿಗೆ ಬೆಲ್ಲವನ್ನು ಪುರೋಹಿತರ ಮಡಿಲಿಗೆ ಚೆಲ್ಲಿದ್ದು, ವಾಲಗದವರು ಅರ್ಧಕ್ಕೆ ಉಸಿರು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು, ಎಲ್ಲದರ ಕೀರ್ತಿಯೂ ನನಗೇ ಸಲ್ಲಬೇಕು. ಸಂಜಯನಗರದ ನಮ್ಮ ರಸ್ತೆಯಲ್ಲಿ ಈಗಲೂ ಮದುವೆಗೆ ಕರೆಯಲು ಬಂದವರು ನನ್ನ ಕಡೆ ತಿರುಗಿ, "ನೀನು ಸೀದಾ ಊಟದ ಹೊತ್ತಿಗೆ ಬಾರಪ್ಪ" ಎನ್ನುತ್ತಾರೆ.

ಆದರೆ ನಾನು ಬರೆಯಹೊರಟಿರುವುದು ನನ್ನ ಬಗ್ಗೆ ಅಲ್ಲ. (ಈ ಮಾತನ್ನು ನಮ್ಮಮ್ಮ ನಂಬುವುದಿಲ್ಲ, ನೀವಾದರೂ ನಂಬಿ.) ಆ ದಿನ ನಾನು ಯಾರ ಧ್ವನಿಯಲ್ಲಿ "ಗಟ್ಟಿಮೇಳ" ಎಂದು ಕೂಗಿದೆನೋ ಅವರ ಬಗ್ಗೆ. ಪಕ್ಕದ ಮನೆಯ ಅಂಕಲ್. ಹೋದ ತಿಂಗಳು ತೀರಿಕೊಂಡರು. ಅವರ ಮನೆಯಿಂದ ನಮ್ಮ ಮನೆಗೂ ಎದುರು ಮನೆಯ ಮಹಡಿಗೂ ಎಳೆದಿರುವ ಕರಿ ವೈರುಗಳು ಇನ್ನೂ ಹಾಗೇ ತೂಗುತ್ತಿವೆ. ಕಾಗೆಗಳು ಕೂರುತ್ತವೆ. ಬಿಚ್ಚೋಣ ಎಂದು ಯಾರೂ ಬಾಯಿ ಬಿಟ್ಟು ಹೇಳಿಲ್ಲ.

ನನ್ನಂಥ ಮಿಮಿಕ್ರಿ ಮಾಡುವವನ ಪಕ್ಕದ ಮನೆಯಲ್ಲಿ ಅಂಥವರನ್ನು ಇಟ್ಟದ್ದು ದೇವರ ದೊಡ್ಡ ಗುಣ. ಮಾತಾಡುವ ಮುಂಚೆ ಅವರು ಎಡಗಿವಿಯ ಹಾಲೆಯನ್ನು ಒಮ್ಮೆ ಎಳೆಯುತ್ತಿದ್ದರು, ಬೈಕಿನ ಚೋಕ್ ಎಳೆದ ಹಾಗೆ. ಆಮೇಲೆ ಕೆಮ್ಮು. ಮೊದಲು ಒಂದು ಪುಟ್ಟ ಕೆಮ್ಮು, ಅದರ ಬೆನ್ನಿಗೇ ಅದರ ಅಣ್ಣ. ಆಮೇಲೆ "ನೋಡಪ್ಪಾ, ವಿಷ್ಯ ಏನಂದ್ರೆ". ಅಲ್ಲಿಂದ ವಿಷಯಕ್ಕೆ ಬರುವಷ್ಟರಲ್ಲಿ ನೀವು ಹೆಬ್ಬಾಳದ ಫ್ಲೈಓವರ್ ದಾಟಿ ವಾಪಸ್ ಬರಬಹುದಿತ್ತು. ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಟೆಸ್ಟರ್. ಅದರಲ್ಲಿ ಕರೆಂಟ್ ನೋಡಿದ್ದನ್ನು ನಾನು ಕಂಡಿಲ್ಲ. ಬೆನ್ನು ತುರಿಸಿಕೊಳ್ಳಲು ಮಾತ್ರ ಅದು ಬಹಳ ಉಪಯೋಗಕ್ಕೆ ಬರುತ್ತಿತ್ತು. ಕಾಲೇಜೊಂದರ ಕಚೇರಿಯಲ್ಲಿ ಜೀವನವಿಡೀ ಫೈಲು ನೋಡಿದವರು, ನಿವೃತ್ತರಾದ ಮೇಲೆ ವೈರುಗಳ ಹಿಂದೆ ಬಿದ್ದರು. ಗೊತ್ತಿದ್ದದ್ದು ಕಾಲು ಭಾಗ, ಧೈರ್ಯ ಮುಕ್ಕಾಲು. ಯಾವ ವೈರು ಕೆಲಸ ಮಾಡದಿದ್ದರೂ ಅವರ ಚಿಕಿತ್ಸೆ ಒಂದೇ: ಕಿತ್ತು, ತುದಿಗೆ ಉಫ್ ಎಂದು ಊದಿ, ಪಂಚೆಗೆ ಒರೆಸಿ, ಮತ್ತೆ ಚುಚ್ಚುವುದು.

ಇನ್ನು ಅವರ ಗಂಟಲು. ಅದು ಮೈಕ್ ಬೇಡದ ಗಂಟಲು. ನಮ್ಮ ರಸ್ತೆಯ ಯಾರ ಮದುವೆಯಾದರೂ ಪುರೋಹಿತರು ಕೈ ಎತ್ತಿದ ಕ್ಷಣ ವಾಲಗದವರಿಗೆ ಕೇಳುವಂತೆ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗುವ ಹಕ್ಕು ಅವರದೇ. ಯಾರೂ ಕೊಟ್ಟದ್ದಲ್ಲ, ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೆ.

ವೈರಿನ ಕಥೆ ಶುರುವಾದದ್ದು ಆಂಟಿಯ ಮಂಡಿಯಿಂದ. ಎರಡೂ ಮಂಡಿ ಸೋತು ಆಂಟಿ ಹಿಂದಿನ ಕೋಣೆಯ ಮಂಚಕ್ಕೆ ಸೇರಿದರು. ಕ್ರಿಕೆಟ್ ಎಂದರೆ ಅವರಿಗೆ ಪ್ರಾಣ. ಕೋಣೆಯಲ್ಲಿ ಅವರಿಗೊಂದು ಪುಟ್ಟ ಟಿವಿ ಇತ್ತು. ಅದಕ್ಕೆ ಇಂಟರ್ನೆಟ್ಟಿನಲ್ಲಿ ಮ್ಯಾಚ್ ಬರುತ್ತಿತ್ತು, ಸ್ವಲ್ಪ ತಡವಾಗಿ. ಹಜಾರದ ಟಿವಿಗೆ ಕೇಬಲ್ಲಿನಲ್ಲಿ, ಸ್ವಲ್ಪ ಬೇಗ. ಹೀಗಾಗಿ ಹಜಾರದಲ್ಲಿ ಅಂಕಲ್ "ಹೋಯ್ತೂ!" ಎಂದು ಕೂಗಿ ಮುಗಿಸಿದ ಮೇಲೆ ಒಳಗೆ ಬೌಲರ್ ಇನ್ನೂ ಓಡಿ ಬರುತ್ತಿದ್ದ.

"ರೀ, ನೀವು ಕೂಗಿದ್ಮೇಲೆ ನಾನು ನೋಡೋಕೇನಿದೆ?" ಎಂದು ಆಂಟಿ ಒಳಗಿನಿಂದಲೇ ಹೇಳಿದ್ದು ನಮ್ಮ ಅಡುಗೆಮನೆಗೂ ಕೇಳಿತು. "ನಿಮಗೆ ಆಟ, ನಂಗೆ ವರದಿ."

ಅಂಕಲ್ ಮೊದಲು ಬಾಯಿ ಮುಚ್ಚಿಕೊಂಡು ನೋಡಿದರು. ಟವೆಲ್ ಕಚ್ಚಿಕೊಂಡೂ ನೋಡಿದರು. ಅದು ಅವರಿಂದ ಆಗುವ ಕೆಲಸವಲ್ಲ. ಕೊನೆಗೆ ಒಂದು ದಿನ ಎಲೆಕ್ಟ್ರಾನಿಕ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಅಂಗೈಯಗಲದ ಕರಿ ಡಬ್ಬಿಯೊಂದನ್ನು ತಂದು ನನ್ನ ಮೂಗಿನ ಮುಂದೆ ಹಿಡಿದರು. ಕಿವಿ ಎಳೆತ, ಕೆಮ್ಮು, ಕೆಮ್ಮಿನ ಅಣ್ಣ.

"ನೋಡಪ್ಪಾ, ವಿಷ್ಯ ಏನಂದ್ರೆ, ಈ ಕಡೆ ಒಂದು ಬಾಯಿ, ಆ ಕಡೆ ನಾಲ್ಕು. ಇಲ್ಲಿ ಒಂದು ಚಿತ್ರ ಒಳಗ್ ಹೋದ್ರೆ ಅಲ್ಲಿ ನಾಲ್ಕು ಟಿವಿಗೂ ಒಂದೇ ಸಲ ಬರತ್ತೆ. ಶಬ್ದಾನೂ ಜೊತೇಲೇ. ಯಾರಿಗೂ ಮೊದ್ಲಿಲ್ಲ, ಯಾರಿಗೂ ಆಮೇಲಿಲ್ಲ."

"ಸ್ಪ್ಲಿಟರ್ ಅಂತಾರೆ ಅಂಕಲ್ ಅದನ್ನ."

"ಸ್ಪ್ಲಿಟರ್ ಅಂದ್ರೆ ಸೀಳೋದು. ಇದೇನನ್ನ ಸೀಳ್ತು? ಒಂದು ಪಾತ್ರೆಯಿಂದ ನಾಲ್ಕು ಎಲೆಗೆ ಹಾಕತ್ತೆ. ಇದು ಬಡಿಸೋ ಡಬ್ಬಿ."

ಅಂದು ಸಂಜೆ ಊದಿದರು, ಒರೆಸಿದರು, ಚುಚ್ಚಿದರು. ಚಿತ್ರ ಬಂದರೆ ಶಬ್ದವಿಲ್ಲ, ಶಬ್ದ ಬಂದರೆ ಚಿತ್ರವಿಲ್ಲ. ಎರಡೂ ಬಂದಾಗ ಹಜಾರದಿಂದ ಕೋಣೆಯ ಬಾಗಿಲಿಗೆ ಓಡಿ, "ಕಾಣ್ತಿದ್ಯೇನೇ?" ಎಂದರು.

"ಕಾಣ್ತಿದೆ ರೀ. ನೀವು ಟಿವಿ ಮುಂದೆ ನಿಂತಿಲ್ದಿದ್ರೆ ಇನ್ನೂ ಚೆನ್ನಾಗ್ ಕಾಣತ್ತೆ."

ಮುಂದಿನ ವಿಕೆಟ್ಟಿಗೆ ಹಜಾರ, ಕೋಣೆ ಎರಡೂ ಒಟ್ಟಿಗೆ ಕೂಗಿದವು. ನಮ್ಮಮ್ಮನ ಕೈಯಿಂದ ಸೌಟು ಬಿತ್ತು.

ಆ "ಕಾಣ್ತಿದ್ಯೇನೇ" ಟಿವಿಯ ಜೊತೆ ಬಂದದ್ದಲ್ಲ, ಮೊದಲಿನಿಂದಲೂ ಇತ್ತು. ಕಿಟಕಿಯಿಂದ ಸಂಕಷ್ಟಿಯ ಚಂದ್ರನನ್ನು ತೋರಿಸುವಾಗ ಕೇಳುತ್ತಿದ್ದರು. ಮೊಮ್ಮಗಳ ಶಾಲೆಯ ನಾಟಕದಲ್ಲಿ ಪರದೆ ಏಳುವ ಮುಂಚೆ ಕೇಳುತ್ತಿದ್ದರು. ಬೇರೆಯವರನ್ನೂ ಕೇಳುತ್ತಿದ್ದರು, ಆದರೆ ಮೊದಲು ಆಂಟಿಯನ್ನು. ಇದೇ ರೋಗ ಊಟದಲ್ಲೂ ಇತ್ತು. ಪಂಕ್ತಿಯ ಕೊನೆಯ ಎಲೆಗೆ ತೊವ್ವೆ ಬೀಳುವ ತನಕ ಅವರು ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ. ಹಾಕದಿದ್ದರೆ ಅವರ ಹೊಟ್ಟೆ, ಅವರಿಷ್ಟ. ಆದರೆ ಪಕ್ಕದಲ್ಲಿ ಕೂತ ನನ್ನ ಮಣಿಕಟ್ಟನ್ನೂ ಹಿಡಿದುಕೊಳ್ಳುತ್ತಿದ್ದರು. ಬಿಸಿ ಸಾರು ಎಲೆಯ ಮೇಲೆ ಹರಿದು ನನ್ನ ಪ್ಯಾಂಟಿಗೆ ಬಂದರೂ ಬಿಡುತ್ತಿರಲಿಲ್ಲ. "ತಡಿಯೋ, ಆ ಮೂಲೇಲಿ ಇನ್ನೂ ಬಂದಿಲ್ಲ."

ಡಬ್ಬಿಯಲ್ಲಿ ಎರಡು ಬಾಯಿ ಖಾಲಿ ಉಳಿದಿದ್ದವಲ್ಲ, ಅವು ಖಾಲಿ ಇದ್ದದ್ದು ಅವರ ನಿದ್ದೆ ಕೆಡಿಸಿತು. ಒಂದು ವೈರು ನಮ್ಮ ಮನೆಯ ಕಿಟಕಿಯಿಂದ ಒಳಗೆ ಬಂತು. ಇನ್ನೊಂದು ರಸ್ತೆ ದಾಟಿ ಎದುರು ಮನೆಯ ಮಹಡಿಗೆ. ದೊಡ್ಡ ಮ್ಯಾಚಿನ ದಿನ ನಾಲ್ಕು ಟಿವಿಗಳಲ್ಲಿ ಒಂದೇ ಆಟ, ಒಂದೇ ಕೂಗು.

ನಮ್ಮಪ್ಪ ಆಗಷ್ಟೇ ಗೋಡೆಯಗಲದ ಹೊಸ ಟಿವಿ ತಂದಿದ್ದರು. ಅಂಕಲ್ ವೈರು ಚುಚ್ಚಿದ ಮೇಲೆ ಅದರಲ್ಲಿ ಚಿತ್ರ ಮಂಕಾಯಿತು. ಮೊಬೈಲಿನಲ್ಲಿ ಹುಡುಕಿ ನೋಡಿದೆ. ಅಂಕಲ್ ತಂದ ಅಗ್ಗದ ಡಬ್ಬಿಯ ಸ್ವಭಾವವೇ ಹಾಗಂತೆ: ಜೋಡಿಸಿದ ಟಿವಿಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ಎಷ್ಟು ತೋರಿಸಲು ಶಕ್ತಿಯಿದೆಯೋ ಅಷ್ಟನ್ನೇ ಉಳಿದವಕ್ಕೂ ಕೊಡುತ್ತದೆ. ಎಲ್ಲಕ್ಕಿಂತ ಹಳೆಯದು ಆಂಟಿಯ ಕೋಣೆಯದು. ಪತ್ತೇದಾರಿಕೆಯ ಗತ್ತಿನಲ್ಲಿ ಹೋಗಿ ಹೇಳಿದೆ.

"ಅಂಕಲ್, ಆ ಮುದುಕಪ್ಪ ಟಿವೀನ ಲೈನಿಂದ ತೆಗೀರಿ. ಉಳಿದೋರಿಗೆಲ್ಲ ಫಳಫಳ ಅನ್ನತ್ತೆ."

ಅವರು ಕಿವಿ ಎಳೆದುಕೊಂಡರು. ಕೆಮ್ಮಲಿಲ್ಲ. "ಅವಳು ಜೊತೇಲಿದ್ರೆ ನಾನು ಪಾರ್ಕಲ್ಲಿ ಹೆಂಗ್ ನಡೀತಿದ್ದೆ ನೋಡಿದೀಯಲ್ಲ?"

ನೋಡಿದ್ದೆ. ಮಂಡಿ ಪೂರ್ತಿ ಸೋಲುವ ಮುಂಚೆ ಆಂಟಿ ಒಂದು ಸುತ್ತು ಬರುವಷ್ಟರಲ್ಲಿ ಉಳಿದ ಹಿರಿಯರೆಲ್ಲ ವಾಕಿಂಗ್ ಮುಗಿಸಿ, ರಾಜಕೀಯ ಮುಗಿಸಿ, ಮನೆಗೆ ಹೋಗಿರುತ್ತಿದ್ದರು. ಅಂಕಲ್ ಪಕ್ಕದಲ್ಲೇ ಇರುತ್ತಿದ್ದರು, ಒಂದು ಹೆಜ್ಜೆಯೂ ಮುಂದಿಲ್ಲದೆ.

"ಹಂಗೇ ಇದೂನೂ. ಮಂಕಾದ್ರೆ ಕನ್ನಡಕ ಒರ್ಸ್ಕೊಂಡು ನೋಡು, ಹೋಗು."

ಅವರ ಈ ಪರಿಯನ್ನೆಲ್ಲ ನಾನು ಗಣೇಶನ ಪೆಂಡಾಲಿನಲ್ಲಿ ಬಂಡವಾಳ ಮಾಡಿಕೊಂಡೆ. ಕಿವಿ, ಕೆಮ್ಮು, ಟೆಸ್ಟರ್, ಉಫ್, ಪಂಚೆ, ಕೊನೆಗೆ ಗಟ್ಟಿಮೇಳದ ಕೂಗು. ಜನ ಬಿದ್ದು ಬಿದ್ದು ನಕ್ಕರು. "ಕಾಣ್ತಿದ್ಯೇನೇ" ಎಂಬುದನ್ನು ಮಾತ್ರ ಮೊದಲ ವರ್ಷವೇ ಕತ್ತರಿಸಿದ್ದೆ. ಅದಕ್ಕೆ ಯಾರೂ ನಗುತ್ತಿರಲಿಲ್ಲ. ಅಂಕಲ್ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ಮುಗಿದ ಮೇಲೆ ಬಂದು ಬೆನ್ನು ತಟ್ಟಿದರು. "ಕೆಮ್ಮು ಚೆನ್ನಾಗಿತ್ತು ಕಣೋ." ಕಲಾವಿದರಿಗೆ ಬೇರೆಯವರು ಶಾಲು ಹೊದಿಸುತ್ತಾರೆ, ನನಗೆ ಸಿಕ್ಕಿದ್ದು ಇದು.

ಆಮೇಲೆ ಮೊಮ್ಮಗಳ ಮದುವೆ ಬಂತು. ಹುಟ್ಟಿದಾಗಿನಿಂದ ಆಂಟಿಯ ಸೊಂಟದ ಮೇಲೇ ಬೆಳೆದ ಹುಡುಗಿ. ಗಂಡಿನವರು ಬಾಗಲೂರಿನ ಹಳೆಯ ಮನೆತನದವರು. ಮುಹೂರ್ತದ ಕಾಲ, ಛತ್ರಗಳೆಲ್ಲ ಭರ್ತಿ. ಕೊನೆಗೆ ಯಲಹಂಕದ ಕಡೆ ಒಂದು ಹಳೆಯ ಛತ್ರ ಸಿಕ್ಕಿತು. ಮಂಟಪ ಮಹಡಿಯಲ್ಲಿ, ಊಟದ ಹಾಲ್ ಕೆಳಗೆ. ಲಿಫ್ಟ್ ಇಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತು ಒಯ್ಯುತ್ತೇವೆಂದು ಹುಡುಗರು ಮುಂದೆ ಬಂದರೆ ಆಂಟಿ ಒಪ್ಪಲಿಲ್ಲ. "ನನ್ನನ್ನ ಉತ್ಸವಮೂರ್ತಿ ಮಾಡ್ಬೇಡಿ. ಮದುವೆ ಅವಳ್ದು. ಎಲ್ರೂ ನನ್ನ ನೋಡ್ತಾ ಕೂರ್ತಾರೆ."

"ವಿಡಿಯೋ ಬರತ್ತಲ್ಲ, ಆಮೇಲೆ ನೋಡ್ಬಹುದು" ಎಂದರು ಯಾರೋ ನೆಂಟರು.

ಅಂಕಲ್ ಆ ನೆಂಟರ ಕಡೆ ತಿರುಗಿದ ರೀತಿಗೆ ಅವರು ಕಾಫಿ ತರುತ್ತೇನೆಂದು ಎದ್ದು ಹೋದರು.

ಹಿಂದಿನ ದಿನವೇ ಅಂಕಲ್ ಬಟ್ಟೆ ಅಂಗಡಿಯ ಚೀಲದ ತುಂಬ ವೈರು ಹೊತ್ತು ಛತ್ರಕ್ಕೆ ಬಂದರು. ಜೊತೆಗೆ ನಾನು, ಧ್ವನಿ ವಿಭಾಗದ ಸ್ವಘೋಷಿತ ಮುಖ್ಯಸ್ಥ. ವಿಡಿಯೋ ತೆಗೆಯುವವರ ಕ್ಯಾಮೆರಾದಿಂದ ಒಂದು ವೈರು ಬಡಿಸೋ ಡಬ್ಬಿಗೆ. ಡಬ್ಬಿಯಿಂದ ಒಂದು ಮಹಡಿಯ ದೊಡ್ಡ ಪರದೆಗೆ, ಇನ್ನೊಂದು ಕಿಟಕಿಯಿಂದ ಇಳಿದು ಊಟದ ಹಾಲಿನ ಟಿವಿಗೆ. ಇಳಿದ ವೈರು ತೀರಾ ಉದ್ದವಾಗಿ ಚಿತ್ರ ಕಣ್ಣು ಮಿಟುಕಿಸತೊಡಗಿತು. ಊದಿದರು, ಒರೆಸಿದರು. ಕೊನೆಗೆ ಕ್ಯಾಮೆರಾದವರೇ ಕನಿಕರಪಟ್ಟು ನಡುವೆ ಇನ್ನೊಂದು ಸಣ್ಣ ಡಬ್ಬಿ ಕೊಟ್ಟರು, ಚಿತ್ರ ನಿಂತಿತು. ಶಬ್ದಕ್ಕೆ ಅಂಕಲ್ ಬೇರೆಯೇ ಯೋಜನೆ ಹಾಕಿದ್ದರು. ಮಹಡಿಯ ಮೈಕಿನ ಮಾತು ಕೆಳಗೆ ಕೇಳಬೇಕು. ಕೆಳಗೊಂದು ಮೈಕ್ ಇಡಬೇಕು, ಅದರ ಮಾತು ಮೇಲೂ ಕೇಳಬೇಕು.

"ಕೆಳಗಿನ ಮೈಕ್ ಯಾಕೆ ಅಂಕಲ್? ಊಟದ ಹಾಲಿಂದ ಅನ್ನ ಸಾರು ಅಂತ ಕೂಗೋಕಾ?"

"ಅವಳು ಉತ್ತರ ಹೇಳ್ಬೇಡ್ವೇನೋ?" ಎಂದರು. ಆಮೇಲೆ, "ಹುಷಾರು, ಇದ್ರಲ್ಲಿ ಮಾತಾಡಿದ್ದು ಮೇಲೆ ಎಲ್ಲಾ ಸ್ಪೀಕರಲ್ಲೂ ಬರತ್ತೆ" ಎಂದರಂತೆ. ನಾನು ಆಗ ಅಡುಗೆ ಭಟ್ಟರ ನಡಿಗೆಯನ್ನು ಅಭ್ಯಾಸ ಮಾಡುತ್ತಿದ್ದೆ.

ಮದುವೆಯ ದಿನ ಕೆಳಗೆ ಟಿವಿಯ ಮುಂದೆ ಒಂದು ಸಾಲು ಕುರ್ಚಿ. ನಡುವೆ ರೇಷ್ಮೆ ಸೀರೆಯಲ್ಲಿ ಆಂಟಿ, ಅಕ್ಕಪಕ್ಕ ಮೆಟ್ಟಿಲು ಹತ್ತಲಾಗದ ಹಿರಿಯರು. ನಾನು ಅದಕ್ಕೆ ಮಂಡಿ ಮಂಡಳಿ ಎಂದು ಹೆಸರಿಟ್ಟೆ. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಟಿವಿಯಲ್ಲಿ ಮಂಟಪ, ತೆರೆ ಹಿಡಿದ ಇಬ್ಬರು, ಮಂತ್ರ. ತೆರೆ ಸರಿಯಲು ಇನ್ನೂ ಹೊತ್ತಿತ್ತು. ಮಂಡಳಿಗೆ ಬೇಜಾರಾಗುತ್ತಿದೆ ಎಂದು ನನಗೆ ಅನ್ನಿಸಿತು. ನಿಜವಾಗಿ ಬೇಜಾರಾಗಿದ್ದು ನನಗೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ.

"ಆಂಟಿ, ಅಂಕಲ್ ಈಗ ಮೇಲೆ ಏನ್ ಮಾಡ್ತಿರ್ತಾರೆ ಹೇಳಿ?" ಎಂದು ಮೈಕ್ ಎತ್ತಿಕೊಂಡೆ. ಕಿವಿ ಎಳೆದೆ. ಕೆಮ್ಮಿದೆ, ಅಣ್ಣನನ್ನೂ ಕೆಮ್ಮಿದೆ. ಮಂಡಳಿ ನಕ್ಕಿತು. ನಗು ಕೇಳಿದರೆ ನನಗೆ ಬ್ರೇಕ್ ಇಲ್ಲ.

"ಗಟ್ಟಿಮೇಳ! ಗಟ್ಟಿಮೇಳ!"

ತಲೆಯ ಮೇಲೆ ಮಹಡಿ ಸಿಡಿದಂತಾಯಿತು. ಡೋಲು, ನಾದಸ್ವರ, ಜನರ ಗದ್ದಲ. ಟಿವಿಯಲ್ಲಿ ನೋಡಿದರೆ ಅಕ್ಷತೆಯೆಲ್ಲ ತೆರೆಯ ಮೇಲೆ ಬೀಳುತ್ತಿದೆ. ತೆರೆ ಹಿಡಿದವರಲ್ಲಿ ಒಬ್ಬರು ಕಣ್ಣು ಉಜ್ಜಿಕೊಳ್ಳುತ್ತಿದ್ದಾರೆ. ನಮ್ಮ ಮಂಡಳಿಯ ಕೈಗಳೂ ಮೇಲೆದ್ದವು.

"ತಡೀರಿ! ಯಾರೂ ಹಾಕ್ಬೇಡಿ!" ಎಂದರು ಆಂಟಿ. ಎದ್ದ ಕೈಗಳು ಹಾಗೇ ನಿಂತವು.

ಮೇಲೆ ವಾಲಗ ನಿಂತಿತು. ಪುರೋಹಿತರ ಧ್ವನಿ ಸ್ಪೀಕರಿನಲ್ಲಿ ಬಂತು: "ಯಾರ್ರೀ ಅದು? ಮುಹೂರ್ತ ಇನ್ನೂ ಬಂದಿಲ್ಲ!" ಆಮೇಲೆ ಅಂಕಲ್ ಧ್ವನಿ, ಅಸಲಿಯದು: "ನಾನು..." ಅಷ್ಟಕ್ಕೇ ನಿಂತಿತು. ಅವರಿಗೆ ಅರ್ಥವಾಗಿತ್ತು.

ಮೇಲೆ ಯಾರ ಕೈಯಲ್ಲೂ ಅಕ್ಷತೆ ಉಳಿದಿರಲಿಲ್ಲ. ಬಿದ್ದದ್ದನ್ನು ಎತ್ತಿ ಹಾಕುವಂತಿಲ್ಲ. ಆಂಟಿ ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು. ತಮ್ಮ ಮುಷ್ಟಿಯ ಅಕ್ಷತೆಯಲ್ಲಿ ಚಿಟಿಕೆಯಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ತಟ್ಟೆಗೆ ಹಾಕಿದರು. ಮಂಡಿ ಮಂಡಳಿಯವರೂ ಹಾಗೇ ಮಾಡಿದರು. "ಓಡು, ಮೇಲೆ ಕೊಡು" ಎಂದರು. ಅಷ್ಟು ಮೆಟ್ಟಿಲನ್ನು ನಾನು ಅಷ್ಟು ಬೇಗ ಯಾವತ್ತೂ ಹತ್ತಿಲ್ಲ.

ಮಂಟಪದ ಪಕ್ಕ ಅಂಕಲ್ ಮೈಕ್ ಹಿಡಿದು ನಿಂತಿದ್ದರು. ಹಣೆಯ ಮೇಲೆ ಬೆವರು. ಬೀಗರ ಕಡೆಯವರು ಸುತ್ತ ನಿಂತು ಗುಸುಗುಸು ಮಾಡುತ್ತಿದ್ದರು. ನಾನು ತಟ್ಟೆ ಚಾಚಿದೆ. ಬೈಗುಳಕ್ಕೆ ಕಿವಿ ಸಿದ್ಧವಾಗಿತ್ತು. ಅವರು ಬಗ್ಗಿ, ಮೈಕನ್ನು ದೂರ ಹಿಡಿದು, "ಕೆಮ್ಮು ಚೆನ್ನಾಗಿತ್ತು ಕಣೋ" ಎಂದರು. ಆಮೇಲೆ ಪ್ರತಿಯೊಬ್ಬರಿಗೂ ನಾಲ್ಕು ನಾಲ್ಕು ಕಾಳಿನಂತೆ ಹಂಚಲು ಹೇಳಿದರು. ಹಿಂದಿನ ಸಾಲಿನಿಂದ ಶುರುಮಾಡಬೇಕಂತೆ.

ಪುರೋಹಿತರು ಕೈ ಎತ್ತಲು ಸಿದ್ಧರಾದಾಗ ಅಂಕಲ್ ಮೈಕನ್ನು ಬಾಯಿಗೆ ತಂದರು. ಇಡೀ ಛತ್ರಕ್ಕೆ ಕೇಳಿಸಿತು.

"ಕಾಣ್ತಿದ್ಯೇನೇ?"

ಮಹಡಿಯ ಎಲ್ಲ ಸ್ಪೀಕರುಗಳಲ್ಲಿ ಆಂಟಿಯ ಧ್ವನಿ ಬಂತು. "ಕಾಣ್ತಿದೆ ರೀ. ಕೂಸು ಅಳ್ತಿದಾಳೆ, ಯಾರಾದ್ರೂ ಕಣ್ಣೊರ್ಸಿ. ಹೂಂ, ಈಗ ಹೇಳಿ."

ಮದುಮಗಳು ಅಳುತ್ತಲೇ ನಕ್ಕಳು. ತೆರೆ ಸರಿಯಿತು. ಅಂಕಲ್ ಕೂಗಿದರು. ನನ್ನ ಜೀವಮಾನದಲ್ಲಿ ನಾನು ಅದರ ಹತ್ತಿರಕ್ಕೂ ಹೋಗಲಾರೆ.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಊಟಕ್ಕೆ ಕೆಳಗಿಳಿದು ಬಂದ ಗಂಡಿನ ದೊಡ್ಡಪ್ಪ ಎಲೆಯ ಮುಂದೆ ಕೂರದೆ ಅಂಕಲ್ ಮುಂದೆ ನಿಂತರು. ದೊಡ್ಡ ಮೀಸೆ, ಭುಜದ ಮೇಲೆ ಶಲ್ಯ. ನಾನು ಯಾವುದಕ್ಕೂ ಇರಲಿ ಎಂದು ಟಿವಿಯ ಹಿಂದೆ ಸರಿದೆ.

"ಏನ್ ಯಜಮಾನ್ರೇ, ತೆರೆ ಸರಿಯಾಕ್ ಮುಂಚೆ ಗಟ್ಟಿಮೇಳ ಒಡಿಸ್ಬುಟ್ರಲ್ಲ, ಇಂಗಾ ಮಾಡದು? ನಮ್ ಊರಲ್ಲಿ ನಾಳೆ ಏನಂದಾರು? ಎಣ್ಣಿನ ಕಡೆಯೋರಿಗೆ ಅಷ್ಟ್ ಆತ್ರ ಇತ್ತಾ ಅಂತಾರೆ."

ಬಡಿಸುವವರೂ ಸೌಟು ಹಿಡಿದು ನಿಂತರು. ನಾಳೆ ಆ ಮನೆಗೆ ಹೋಗಿ ಬಾಳಬೇಕಾದವಳು ಬಾಗಿಲಲ್ಲೇ ನಿಂತಿದ್ದಳು. ಅಂಕಲ್ ಅವಳನ್ನು ನೋಡಿದರು, ಟಿವಿಯ ಹಿಂದೆ ಕಾಣುತ್ತಿದ್ದ ನನ್ನ ಎರಡು ಕಾಲನ್ನೂ ನೋಡಿದರು. ಕಿವಿಯ ಹಾಲೆ ಎಳೆದುಕೊಂಡರು.

"ನೋಡಿ, ವಿಷ್ಯ ಏನಂದ್ರೆ... ತಪ್ಪಾಯ್ತು. ನಾನೇ ಕೂಗಿದ್ದು. ವಯಸ್ಸಾಯ್ತಲ್ಲ, ಬಾಯಿ ತಪ್ತು."

"ವಯಸ್ಸಾದೋರು ಮೈಕ್ ಯಾಕ್ ಇಡೀತೀರಾ? ಸುಮ್ಕೆ ಒಂದ್ ಕಡೆ ಕುಂತ್ಕಬಾರ್ದಾ?"

ಅಂಕಲ್ ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅದನ್ನು ಮಾತ್ರ ಯಾರ ಮುಂದೆಯೂ ಮಾಡಿ ತೋರಿಸಿಲ್ಲ. ನನ್ನ ಕಾಲುಗಳು ಹೇಗೋ ಟಿವಿಯ ಹಿಂದಿನಿಂದ ಹೊರಬಂದವು. ಬಾಯಿ ತೆರೆದೆ. ಎಲ್ಲರ ಧ್ವನಿಯೂ ಬರುವ ಗಂಟಲಿನಿಂದ ನನ್ನದೊಂದು ಧ್ವನಿ ಹೊರಡಲಿಲ್ಲ.

ಅಷ್ಟರಲ್ಲಿ ಆಂಟಿ ಹೋಳಿಗೆ ಮುರಿಯುತ್ತಿದ್ದ ಕೈಯನ್ನು ಎಲೆಯ ಅಂಚಿಗೆ ಒರೆಸಿ, ಪಕ್ಕದಲ್ಲಿ ಇನ್ನೂ ಉಸಿರಾಡುತ್ತಿದ್ದ ಮೈಕನ್ನು ಎತ್ತಿಕೊಂಡರು. ಕೆಳಗೂ ಮಹಡಿಯಲ್ಲೂ ಏಕಕಾಲಕ್ಕೆ ಕೇಳಿಸಿತು:

"ಬೀಗ್ರೇ, ಮೊದ್ಲು ಕೂಗಿದ್ದು ಇವ್ರಲ್ಲ, ಅಲ್ಲಿ ಬಾಯಿ ಬಿಟ್ಕೊಂಡು ನಿಂತಿದೆಯಲ್ಲ, ಆ ಕೋತಿ. ನನ್ನ ಕುತ್ತಿಗೆಗೆ ತಾಳಿ ಕಟ್ಟೋವಾಗ್ಲೇ, ಕಣ್ಣಿಗೆ ಅಡ್ಡ ಬಂದಿದ್ದ ಬಾಸಿಂಗ ಸರಿಸಿ, 'ಕಾಣ್ತಿದ್ಯಾ' ಅಂತ ಕೇಳಿ ಆಮೇಲೆ ಗಂಟು ಹಾಕಿದೋರು ಇವ್ರು. ಇವತ್ತು ನನ್ನನ್ನ ಕೇಳ್ದೆ ಗಟ್ಟಿಮೇಳ ಹೊಡಿಸ್ತಾರಾ?"